ಹಿರಿತನದ ಪಟ್ಟಿ, ನಾಯಕರ ಪಾಡು

ವಿಮಾನ ಸಂಸ್ಥೆಗಳು ವಿಲೀನವಾದಾಗ ಪೈಲಟ್‌ಗಳು ಕಂಪನಿಗಿಂತ ತಮ್ಮ ಸಂಘದ ನಾಯಕರ ಮೇಲೆಯೇ ಹೆಚ್ಚು ಮುನಿಯುವುದೇಕೆಂದು ಯೋಚಿಸುವಾಗ, ಅಮೆರಿಕದಲ್ಲಿ 2005ರಲ್ಲಿ ಒಂದಾದ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ನೆನಪಾಗುತ್ತವೆ. ಯಾವ ವಿಮಾನ, ಯಾವ ಮಾರ್ಗ, ಹಬ್ಬಕ್ಕೆ ರಜೆ ಸಿಕ್ಕೀತೇ, ಕೆಲಸ ಕಡಿತವಾದರೆ ಮೊದಲು ಮನೆಗೆ ಹೋಗುವವರಾರು ಎಂಬುದೆಲ್ಲ ಅಲ್ಲಿ ಸೇವಾ ಹಿರಿತನದ ಪಟ್ಟಿಯಿಂದಲೇ ತೀರ್ಮಾನವಾಗುತ್ತದೆ. ಎರಡೂ ಕಡೆಯವರಿಗೆ ಸಂಘ ಒಂದೇ ಆಗಿದ್ದರಿಂದ ಪಟ್ಟಿಗಳ ಜೋಡಣೆ ಮಧ್ಯಸ್ಥಗಾರರ ಮುಂದೆ ಹೋಯಿತು. 2007ರ ತೀರ್ಪು, ಹಲವು ವರ್ಷಗಳ ಹಿರಿತನವಿದ್ದೂ ಲೇ-ಆಫ್‌ನಲ್ಲಿದ್ದ, ಅಂದರೆ ಕೆಲಸ ಕಡಿತದಲ್ಲಿ ತಾತ್ಕಾಲಿಕವಾಗಿ ಮನೆಗೆ ಕಳಿಸಲಾಗಿದ್ದ, ಯುಎಸ್ ಏರ್‌ವೇಸ್‌ನವರನ್ನು ಅಮೆರಿಕ ವೆಸ್ಟ್‌ನ ಹೊಸಬರಿಗಿಂತ ಕೆಳಗಿಟ್ಟಿತು. ತೀರ್ಪು ಕೊಟ್ಟವರು ಹೊರಗಿನವರು, ಬೈಸಿಕೊಂಡವರು ಮಾತ್ರ ನಾಯಕರು! ಸಂಖ್ಯೆಯಲ್ಲಿ ಹೆಚ್ಚಿದ್ದ ಯುಎಸ್ ಏರ್‌ವೇಸ್‌ನ ಹಳಬರು 2008ರ ಮತದಾನದಲ್ಲಿ ಆ ಸಂಘವನ್ನೇ ಕೈಬಿಟ್ಟು ಹೊಸ ಸಂಘವನ್ನು ಆರಿಸಿಕೊಂಡರು. ಯಾವ ನಾಯಕನಿದ್ದರೂ ಅರ್ಧದಷ್ಟು ಸದಸ್ಯರಿಗೆ ಅವನು ನಿಷ್ಠುರನಾಗುತ್ತಿದ್ದನೆಂದೇ ನನಗನ್ನಿಸುತ್ತದೆ.