ಶಾಲೆ ನಮ್ಮ ವಾರ್ಡಿನದು, ದುಡ್ಡು ಯಾರ ಜೇಬಿನದು?

ಪಾಲಿಕೆ ಬಜೆಟ್ ಮಂಡಿಸುವ ಮುಂಚೆ ಊರಿನವರನ್ನು ಕರೆದು ಸಲಹೆ ಕೇಳುತ್ತಾರೆ ಅನ್ನುವುದು ದಾವಣಗೆರೆಯಲ್ಲೇ ಹುಟ್ಟಿ ಬೆಳೆದವರಲ್ಲೂ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಪ್ರಕಟಣೆ ಬರುತ್ತದೆ. ನಿಧನ ವಾರ್ತೆಗೂ ನಿವೇಶನ ಮಾರಾಟಕ್ಕೂ ನಡುವೆ ಎಲ್ಲೋ ಇರುತ್ತದೆ. ಕೆಲವು ವರ್ಷದ ಹಿಂದೆ, ಚುನಾಯಿತ ಸದಸ್ಯರು ಇದ್ದಾಗಿನ ಮಾತು, ಅಂಥದೊಂದು ಸಭೆಗೆ ನಾನೂ ಹೋದೆ. ನಮ್ಮ ಓಣಿಯ ಚರಂಡಿಗಾಗಿ ಅಲ್ಲ, ಶಾಲೆಗಾಗಿ.

ಆಗ ನನ್ನ ಮಗಳು ನಮ್ಮ ವಾರ್ಡಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ಕ್ಲಾಸು. ನಾನು ಅಲ್ಲಿ ಎಸ್‌ಡಿಎಂಸಿ ಸದಸ್ಯೆ. ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನೇ ಕೂರಿಸಿ ಮಾಡಿದ ಈ ಸಮಿತಿ 2001ರಿಂದ ಇದೆ. ಹೆಸರು ದೊಡ್ಡದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ. ಕೈಯಲ್ಲಿ ದುಡ್ಡು ಮಾತ್ರ ಕಡಿಮೆ. ಪ್ರಕಟಣೆ ನೋಡಿದ ದಿನ ಸಂಜೆಯೇ ನಾಲ್ಕೈದು ಜನ ಶಾಲೆಯ ಕಟ್ಟೆ ಮೇಲೆ ಕೂತು ಪಟ್ಟಿ ಮಾಡಿದೆವು. ಎರಡು ಕೊಠಡಿ ಬೇಕು. ಇಂಗ್ಲಿಷ್ ಮೇಡಂ ಬೇಕು. ಕಾಂಪೌಂಡ್ ಎತ್ತರ ಆಗಬೇಕು. ಬಿಸಿಯೂಟಕ್ಕೆ ನೀರು ಸಾಲದು, ಸಂಪು ಬೇಕು. ಗೇಟಿನ ಎದುರು ಕಸ ತಂದು ಸುರಿಯುತ್ತಾರೆ, ಅದು ನಿಲ್ಲಬೇಕು. ಮುಂದಿನ ರಸ್ತೆಗೆ ಹಂಪ್ ಬೇಕು, ಮೂಲೆಯ ಕಂಬಕ್ಕೆ ದೀಪ ಬೇಕು. ಅಂಗನವಾಡಿಗೆ ಸ್ವಂತ ಕಟ್ಟಡ ಬೇಕು. ಬರೆಯುತ್ತಾ ಹೋದಂತೆ ನಮಗೇ ಹುರುಪು ಜಾಸ್ತಿ ಆಯಿತು. ಯಾರೋ ಒಬ್ಬರು ಡ್ಯಾನ್ಸ್ ಟೀಚರ್ ಕೂಡ ಬರೀರಿ ಅಂದರು.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಾರಿದ್ದಾರೆ. ಇಡೀ ಜೀವನ ಲೆಕ್ಕ ಬರೆದು ನಿವೃತ್ತರಾದವರು. ಪಟ್ಟಿಯನ್ನು ಅವರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು.

"ಯವ್ವಾ, ಇದನ್ನ ಇಷ್ಟೂ ಓದಿದ್ರೆ ಮೇಲೆ ಕೂತೋರು ಕೈಮುಗಿದು ಶಿಕ್ಷಣ ಇಲಾಖೆಗೆ ಪತ್ರ ಬರಿತೀವಿ ಅಂತಾರ. ಅಲ್ಲಿಗೆ ಮುಗೀತು. ಅವರ ಜೇಬಿಂದು ಯಾವುದೈತಿ, ಅದಷ್ಟೇ ಕೇಳು."

"ಶಾಲೆ ನಮ್ಮ ವಾರ್ಡಲ್ಲೇ ಐತಲ್ಲ ಅಜ್ಜಾರೆ?"

"ವಾರ್ಡಲ್ಲಿ ಪೋಸ್ಟ್ ಆಫೀಸೂ ಐತಿ. ಅದಕ್ಕೂ ಪಾಲಿಕೆ ಸುಣ್ಣ ಹೊಡಿಸ್ತತೇನು?"

ಆ ರಾತ್ರಿ ಅವರ ಮನೆ ಜಗಲಿ ಮೇಲೆ ನಡೆದದ್ದು ನನ್ನ ಮಟ್ಟಿಗೆ ಒಂದು ಕ್ಲಾಸೇ. ಮೊದಲು ನನ್ನ ಮನೆ ಕಂದಾಯದ ರಸೀದಿ ತರಿಸಿದರು. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ ಅಂತ ಪ್ರತಿ ವರ್ಷ ಓಡಿ ಹೋಗಿ ಕಟ್ಟುತ್ತೇನೆ. ರಸೀದಿಯನ್ನು ಬೀರುವಿನಲ್ಲಿ ಇಡುತ್ತೇನೆ. ಓದಿದ್ದು ಅವತ್ತೇ. ತೆರಿಗೆಯ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಪುನರ್ವಸತಿಯ ಉಪಕರ ಶೇ 3, ನಗರ ಸಾರಿಗೆಗೆ ಶೇ 2. ಗ್ರಂಥಾಲಯಕ್ಕೆ ನಾನು ದುಡ್ಡು ಕೊಡುತ್ತಿದ್ದೇನೆ ಅನ್ನುವುದೇ ನನಗೆ ಹೊಸದು. "ಶಾಲೆ ಅಂತ ಒಂದು ಸಾಲು ಹುಡುಕು" ಅಂದರು ಅಜ್ಜಾರು. ಇರಲಿಲ್ಲ.

ಯಾಕಿಲ್ಲ ಅಂತ ಅವರು ಹೇಳಿದ ಕಥೆ ನನ್ನ ಮೈದುನನ ವಿಷಯಕ್ಕೆ ಬಂದು ನಿಂತಿತು. ಅವನು ಜಗಳೂರು ತಾಲ್ಲೂಕಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯ. ಅವರೂರ ಶಾಲೆಗೆ ನರೇಗಾದಲ್ಲಿ ಕಾಂಪೌಂಡ್ ಆಯಿತು, ಶೌಚಾಲಯ ಆಯಿತು ಅಂತ ಹಬ್ಬಕ್ಕೆ ಬಂದಾಗೆಲ್ಲ ಮೀಸೆ ತಿರುವುತ್ತಿದ್ದ. ಸಿಟಿಯಲ್ಲಿರುವ ನಮಗೆ ಅದೇಕೆ ಆಗುವುದಿಲ್ಲ ಅಂತ ನನಗೆ ಒಳಗೊಳಗೇ ಸಂಕಟ. ಕಾರಣ ತೀರಾ ಸರಳ. ನರೇಗಾ ಇದ್ದದ್ದೇ ಹಳ್ಳಿಗಳಿಗೆ. ಅದಕ್ಕಿಂತ ದೊಡ್ಡ ಕಾರಣ ಸಂವಿಧಾನದಲ್ಲೇ ಇದೆ. 1992ರ ತಿದ್ದುಪಡಿಗಳಲ್ಲಿ ಪಂಚಾಯಿತಿಗಳಿಗೆ 29 ವಿಷಯಗಳ ಪಟ್ಟಿ ಬಂತು, ಅದರಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆ ಅಂತ ಬಿಡಿಸಿ ಬರೆದಿದೆ. ನಗರಗಳಿಗೆ 18 ವಿಷಯಗಳ ಪಟ್ಟಿ ಬಂತು. ಅಲ್ಲಿ ರಸ್ತೆ ಇದೆ, ನೀರಿದೆ, ಬೀದಿದೀಪ ಇದೆ, ಸ್ಮಶಾನ ಇದೆ, ಕಸಾಯಿಖಾನೆಯೂ ಇದೆ. ಶಾಲೆ ಅನ್ನುವ ಮಾತಿಲ್ಲ. ಸಂಸ್ಕೃತಿ, ಶಿಕ್ಷಣ, ಸೌಂದರ್ಯ ಇವುಗಳಿಗೆ ಉತ್ತೇಜನ ಅಂತ ಮೂರನ್ನೂ ಸೇರಿಸಿ ಒಂದು ಸಾಲು, ಅಷ್ಟೆ. ಜಗಳೂರಿನ ಶಾಲೆಗೆ ಕೇಳುವವರು ಇದ್ದಾರೆ ಅಂತ ಬರೆದುಕೊಟ್ಟವರು ದಾವಣಗೆರೆ ಶಾಲೆಗೆ ಯಾಕೆ ಬರೆಯಲಿಲ್ಲವೋ. ಇದು ನನಗೆ ಇವತ್ತಿಗೂ ನ್ಯಾಯ ಅನ್ನಿಸುವುದಿಲ್ಲ.

ಹಾಗಂತ ಪಾಲಿಕೆಗೂ ಶಾಲೆಗೂ ಸಂಬಂಧವೇ ಇಲ್ಲ ಅನ್ನುವಂತಿಲ್ಲ. ಪಾಲಿಕೆಯ ಸ್ಥಾಯಿ ಸಮಿತಿಗಳಲ್ಲಿ ಒಂದರ ಹೆಸರೇ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಅಂತ. ಮೇಷ್ಟ್ರು, ಕೊಠಡಿ ಇಲಾಖೆಯದು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು. ಆದರೆ ಶಾಲೆಗೆ ಬರುವ ನೀರು, ಶಾಲೆ ಮುಂದಿನ ರಸ್ತೆ, ಚರಂಡಿ, ದೀಪ, ಕಸ ಎಲ್ಲವೂ ಪಾಲಿಕೆಯದು. ಕೂಡು ಕುಟುಂಬದಲ್ಲಿ ಹಾಲಿನ ದುಡ್ಡು ಅತ್ತೆ ಕೈಲಿ, ರೇಷನ್ ದುಡ್ಡು ಮಾವನ ಕೈಲಿ, ಫೀಸು ಗಂಡನ ಕೈಲಿ ಇರುತ್ತಲ್ಲ, ಹಾಗೆ. ಯಾರನ್ನು ಯಾವುದಕ್ಕೆ ಕೇಳಬೇಕು ಅಂತ ಸೊಸೆಗೆ ಗೊತ್ತಿದ್ದರೆ ಸಂಸಾರ ನಡೆಯುತ್ತದೆ. ಪಟ್ಟಿಯಲ್ಲಿ ಉಳಿದದ್ದು ನಾಲ್ಕು. ನೀರಿನ ದೊಡ್ಡ ಕನೆಕ್ಷನ್, ಹಂಪ್, ದೀಪ, ಕಸ. ಡ್ಯಾನ್ಸ್ ಟೀಚರ್ ಮೊದಲೇ ಹೋಗಿದ್ದಳು.

ಸಭೆಯ ದಿನ ಹೊಲಿಗೆ ಕೆಲಸ ಬದಿಗಿಟ್ಟು, ಮಗಳನ್ನು ಶಾಲೆಗೆ ಬಿಟ್ಟು, ನಮ್ಮ ಹೆಡ್ ಮೇಡಂ ಕೊಟ್ಟ ಮಕ್ಕಳ ಸಂಖ್ಯೆಯ ಚೀಟಿ ಹಿಡಿದು ಹೋದೆ. ನಾನೇನೋ ಕೋರ್ಟಿನಂಥ ಜಾಗ ಅಂದುಕೊಂಡಿದ್ದೆ. ಹಾಗೇನಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿ, ಟೀ, ಬಿಸ್ಕತ್ತು, ಕಿರ್ ಅನ್ನುವ ಮೈಕು. ಮುಂದೆ ಮೇಯರ್, ಆಯುಕ್ತರು, ಅಧಿಕಾರಿಗಳು. ಕೆಳಗೆ ವ್ಯಾಪಾರಿಗಳು, ಬಡಾವಣೆಗಳ ಸಂಘದವರು, ಹಿರಿಯ ನಾಗರಿಕರು, ಸಂಘಟನೆಗಳ ಮುಖಂಡರು, ಹಿಂದಿನ ಸದಸ್ಯರು. ಹೆಂಗಸರು ಬೆರಳೆಣಿಕೆ.

ಮಾತು ಶುರುವಾಯಿತು. ಎಂ.ಸಿ.ಸಿ. ಬ್ಲಾಕಿನ ಕಡೆಯವರು ಪಾರ್ಕಿಗೆ ವಾಕಿಂಗ್ ಪಾತ್ ಕೇಳಿದರು. ಹಳೇ ದಾವಣಗೆರೆ ಕಡೆಯವರು ಯುಜಿಡಿ, ಅಂದರೆ ಒಳಚರಂಡಿ ಬಗ್ಗೆ ಮಾತಾಡಿದರು. ನಾಯಿ ಕಾಟ, ಹಂದಿ ಕಾಟ ಬಂದು ಹೋದವು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ವಿಷಯವೂ ಬಂತು. ಆಗೆಲ್ಲ ಅದು ಬಾರದೆ ದಾವಣಗೆರೆಯಲ್ಲಿ ಯಾವ ಸಭೆಯೂ ಮುಗಿಯುತ್ತಿರಲಿಲ್ಲ ಬಿಡಿ. ಅದು ರೈಲ್ವೆಯವರ ಜೇಬು. ಅಜ್ಜಾರ ಪಾಠದ ಗುಂಗಿನಲ್ಲಿದ್ದ ನಾನು ಪ್ರತಿಯೊಬ್ಬರ ಮಾತಿಗೂ ಮನಸ್ಸಿನಲ್ಲೇ ಇದು ಪಾಲಿಕೆ, ಇದು ಬೆಸ್ಕಾಂ, ಇದು ಲೋಕೋಪಯೋಗಿ ಅಂತ ಗುರುತು ಹಾಕುತ್ತಾ ಕೂತಿದ್ದೆ. ಅರ್ಧಕ್ಕರ್ಧ ಬೇಡಿಕೆ ಬೇರೆಯವರ ಬಾಗಿಲಿಗೆ ಹೋಗಬೇಕಾದವು.

ಲೆಕ್ಕದ ಅಧಿಕಾರಿಯೊಬ್ಬರು ಎದ್ದು ನಿಂತು ಹಣದ ವಿಷಯ ಹೇಳಿದಾಗ ಸಭೆ ಸ್ವಲ್ಪ ತಣ್ಣಗಾಯಿತು. ಮನೆ ಕಂದಾಯ, ನೀರಿನ ಬಿಲ್ಲು, ಮಳಿಗೆ ಬಾಡಿಗೆ, ಟ್ರೇಡ್ ಲೈಸೆನ್ಸು, ಕಟ್ಟಡ ಪರವಾನಗಿ ಇವು ಪಾಲಿಕೆಯ ಸ್ವಂತ ಸಂಪಾದನೆ. ಇದರ ಜೊತೆ ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರದ ಅನುದಾನ. ಆಗ ನಡೆಯುತ್ತಿದ್ದ ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ನಮ್ಮಂಥ ಊರುಗಳಿಗೆ ಬರುವುದರ ಶೇ 60 ಕುಡಿಯುವ ನೀರಿಗೆ, ಕಸಕ್ಕೆ, ನೈರ್ಮಲ್ಯಕ್ಕೆ ಅಂತ ಕಟ್ಟಿಟ್ಟದ್ದು. ಅದನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲು. ಖರ್ಚಿನ ಕಡೆ ನೋಡಿದರೆ ರಾಜನಹಳ್ಳಿಯಿಂದ ತುಂಗಭದ್ರೆ ನೀರು ಎತ್ತಿ ತರಬೇಕು. ಭದ್ರಾ ನಾಲೆ ನೀರು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸಿಕೊಂಡು, ನಾಲೆ ನಿಂತಾಗ ಅದನ್ನೇ ಎಳೆಯಬೇಕು. ಮೋಟಾರು ಓಡಿದಷ್ಟೂ ಕರೆಂಟ್ ಬಿಲ್ಲು. ಬೀದಿದೀಪದ ಬಿಲ್ಲು ಬೇರೆ. ಬೆಳಿಗ್ಗೆ ನಲ್ಲಿ ತಿರುಗಿಸುವಾಗ ಇದೆಲ್ಲ ಯಾರ ತಲೆಗೆ ಬರುತ್ತದೆ? 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ನಮ್ಮದೂ ಬಂದಾಗ ಪಾಲಿಕೆ ಹತ್ತಿರ ದುಡ್ಡೇ ದುಡ್ಡು ಅಂತ ನಾವು ಅಂದುಕೊಂಡಿದ್ದೆವು. ಅದು ಬೇರೆ ಕಂಪನಿ, ಬೇರೆ ಖಾತೆ.

ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತು. ಅಷ್ಟು ಹೊತ್ತಿನಲ್ಲಿ ಶಾಲೆಯ ಮಾತು ಒಮ್ಮೆಯೂ ಬರಲಿಲ್ಲ ಅನ್ನುವುದು ಮೈಕು ಕೈಗೆ ಬಂದ ಮೇಲೆ ಹೊಳೆಯಿತು. ಇದು ಬಾಪೂಜಿ ವಿದ್ಯಾಸಂಸ್ಥೆಯಂಥದ್ದು 1958ರಲ್ಲೇ ಹುಟ್ಟಿದ ಊರು. ಮೆಡಿಕಲ್, ಇಂಜಿನಿಯರಿಂಗ್, ಡೆಂಟಲ್ ಅಂತ ಎಲ್ಲೆಲ್ಲಿಂದಲೋ ಮಕ್ಕಳು ಬಂದು ಓದುತ್ತಾರೆ. ವಿದ್ಯಾನಗರ ಅಂತ ಬಡಾವಣೆಯೇ ಇದೆ. ಆದರೆ ಆ ಸಭೆಯಲ್ಲಿ ಸರ್ಕಾರಿ ಶಾಲೆಗೆ ಮಗು ಕಳಿಸುವವರು ಎಷ್ಟು ಜನ ಇದ್ದರು? ನನಗೆ ಗೊತ್ತಿದ್ದಂತೆ ನಾನು, ಬಾಗಿಲ ಹತ್ತಿರ ನೀರಿನ ಲೋಟ ಇಡುತ್ತಿದ್ದ ಅಕ್ಕ. ಪಾರ್ಕಿಗೆ ಹೋಗುವವರು ಪಾರ್ಕು ಕೇಳಿದರು, ಕಾರು ಇರುವವರು ಪಾರ್ಕಿಂಗ್ ಕೇಳಿದರು. ಅದರಲ್ಲಿ ತಪ್ಪೇನಿಲ್ಲ. ಆಜಾದ್ ನಗರದ, ಬಾಷಾ ನಗರದ, ಭಟ್ಟಿ ಕಡೆಯ ಮಂಡಕ್ಕಿ ಹುರಿಯುವ ಮನೆಗಳ ತಾಯಂದಿರಿಗೆ ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಅಂದರೆ ಕೂಲಿ ಬಿಟ್ಟು ಬರಬೇಕು. ಕೂಲಿ ಯಾರು ಕೊಡುತ್ತಾರೆ?

ಇದನ್ನೆಲ್ಲ ನಾನು ಅಲ್ಲಿ ಹೇಳಲಿಲ್ಲ. ಹೇಳಲು ಟೈಮೂ ಇರಲಿಲ್ಲ. ಚೀಟಿ ನೋಡಿಕೊಂಡು ನಾಲ್ಕೇ ಮಾತು ಹೇಳಿದೆ. ಶಾಲೆಗೆ ಇರುವುದು ಮನೆಗೆ ಕೊಡುವಂಥ ಸಣ್ಣ ಪೈಪು, ನೀರು ಬಿಡುವ ದಿನ ಮಾತ್ರ ಬರುತ್ತದೆ, ಅಡುಗೆಗೂ ಶೌಚಾಲಯಕ್ಕೂ ಅದೇ ನೀರು. ಕುಡಿಯುವ ನೀರಿಗೆ ಕಟ್ಟಿಟ್ಟ ಹಣ ಇದೆಯಲ್ಲ, ಅದರಲ್ಲಿ ಸರ್ಕಾರಿ ಶಾಲೆಗಳ ಕನೆಕ್ಷನ್ ಸೇರಿಸಿ. ಶಾಲೆ ಇರುವ ರಸ್ತೆಗೆಲ್ಲ ಹಂಪ್, ದೀಪ ಮೊದಲು ಆಗಲಿ. ಗೇಟಿನೆದುರು ಕಸ ಸುರಿಯುವ ಜಾಗಕ್ಕೆ ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆ ಗಾಡಿ ಬರಲಿ. "ಮೇಷ್ಟ್ರನ್ನ ನಿಮ್ಮ ಹತ್ರ ಕೇಳಲ್ಲ ಸಾರ್, ಅದಕ್ಕೆ ಬಿಇಒ ಆಫೀಸಿಗೆ ಹೋಗ್ತೀವಿ" ಅಂದೆ. ಸಭೆ ನಕ್ಕಿತು. ಲೆಕ್ಕದ ಅಧಿಕಾರಿ ಮಾತ್ರ ನಗದೆ ಪೆನ್ನು ತೆಗೆದು ಬರೆದುಕೊಂಡರು. ಅವತ್ತು ಪೂರ್ತಿ ಅವರು ಬರೆದುಕೊಂಡದ್ದು ಕಡಿಮೆ, ಅದಕ್ಕೇ ನನ್ನ ಕಣ್ಣಿಗೆ ಬಿತ್ತು.

ಹೊರಗೆ ಬಂದಾಗ ನಮ್ಮ ವಾರ್ಡಿನ ಸದಸ್ಯರು ಸಿಕ್ಕರು. 45 ವಾರ್ಡು, 45 ಜನ, ಎಲ್ಲರಿಗೂ ತಮ್ಮ ವಾರ್ಡೇ ಮೊದಲು. "ಅಕ್ಕಾರೆ, ನೀವು ಎಲ್ಲಾ ಶಾಲೆಗೂ ಅಂತ ಕೇಳಿದ್ದು ಚಲೋ ಆತು. ಒಂದೇ ಶಾಲೆಗೆ ಅಂದಿದ್ರೆ ಉಳಿದ 44 ಜನ ಸುಮ್ನೆ ಬಿಡ್ತಿರ್ಲಿಲ್ಲ" ಅಂದರು. ಆಮೇಲೆ ದನಿ ಇಳಿಸಿ, "ನಮ್ಮ ಶಾಲೆದು ಬಜೆಟ್ಟಿನಾಗೆ ಹುಡುಕಬ್ಯಾಡ್ರಿ, ಕ್ರಿಯಾ ಯೋಜನೆ ಟೈಮಿಗೆ ನಂಗೆ ನೆನಪು ಮಾಡ್ರಿ" ಅಂದರು.

ಅವರು ಹೇಳಿದ್ದು ನಿಜ. ಬಜೆಟ್ ಮಂಡನೆ ಆದ ಮೇಲೆ ಅಜ್ಜಾರು ಪುಸ್ತಕ ತರಿಸಿ ಜಗಲಿ ಮೇಲೆ ಹರಡಿಕೊಂಡರು. ನೀರು ಸರಬರಾಜು, ಬೀದಿದೀಪ, ರಸ್ತೆ, ಘನತ್ಯಾಜ್ಯ ಅಂತ ದೊಡ್ಡ ದೊಡ್ಡ ತಲೆಬರಹ, ಎದುರಿಗೆ ಲಕ್ಷಗಳಲ್ಲಿ ಅಂಕಿ. ಶಾಲೆಯ ಹೆಸರು, ಓಣಿಯ ಹೆಸರು ಅಲ್ಲಿ ಬರುವುದೇ ಇಲ್ಲ. ಆ ಮೊತ್ತದಲ್ಲಿ ಯಾವ ವಾರ್ಡಿಗೆ ಯಾವ ಕೆಲಸ ಅನ್ನುವುದು ಆಮೇಲಿನ ಕ್ರಿಯಾ ಯೋಜನೆಯಲ್ಲಿ ತೀರ್ಮಾನ ಆಗುತ್ತದೆ. ಅದರ ನಂತರ ಎಸ್ಟಿಮೇಟು, ಟೆಂಡರು, ವರ್ಕ್ ಆರ್ಡರು. ಬಜೆಟ್ ಸಭೆಗೆ ಮೈಕು, ಟೀ, ಪತ್ರಿಕೆಯವರು ಎಲ್ಲ ಇರುತ್ತಾರೆ. ಕ್ರಿಯಾ ಯೋಜನೆ ಆಗುವ ಹೊತ್ತಿಗೆ ಯಾರೂ ಕುರ್ಚಿ ಹಾಕಿ ಕರೆಯುವುದಿಲ್ಲ. ನನ್ನನ್ನು ಕೇಳಿದರೆ ಹೋಗಬೇಕಾದದ್ದು ಆಗಲೇ.

ನಾವು ಹೋದೆವು. ಈ ಸಲ ಎಸ್‌ಡಿಎಂಸಿಯ ಎಲ್ಲರೂ ಸರದಿ ಮೇಲೆ. ಒಬ್ಬರ ಕೂಲಿ ಹೋದರೆ ಇನ್ನೊಬ್ಬರದು ಉಳಿಯಲಿ ಅಂತ. ಠರಾವು ಬರೆದ ಶಾಲೆಯ ಲೆಟರ್‌ಹೆಡ್, ಮಕ್ಕಳ ಸಂಖ್ಯೆ, ಈಗಿನ ಪೈಪಿನ ಫೋಟೋ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಹಾಕಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದೆವು. ಸೀಲು ಹಾಕಿಸಿಕೊಳ್ಳದೆ ಬಂದರೆ ಅಜ್ಜಾರು ಒಳಗೆ ಬಿಡುತ್ತಿರಲಿಲ್ಲ.

ನೀರಿನ ದೊಡ್ಡ ಕನೆಕ್ಷನ್ ಬಂತು, ಸಂಪು ದಾನಿಯೊಬ್ಬರು ಕಟ್ಟಿಸಿಕೊಟ್ಟರು. ದೀಪವೂ ಬಂತು. ಹಂಪ್ ಬರುವ ಹೊತ್ತಿಗೆ ಮಗಳು ಹೈಸ್ಕೂಲಿಗೆ ಹೋಗಿಯಾಗಿತ್ತು. ಕಸದ ಗಾಡಿ ಬೇಗ ಬಂದರೂ ಗೇಟಿನೆದುರು ಸುರಿಯುವವರು ಇನ್ನೂ ಸುರಿಯುತ್ತಾರೆ. ಅವರು ನಮ್ಮ ಓಣಿಯವರೇ, ಅದಕ್ಕೆ ಯಾವ ಲೆಕ್ಕದಲ್ಲೂ ದುಡ್ಡಿಲ್ಲ. ಕೊಠಡಿ, ಇಂಗ್ಲಿಷ್ ಮೇಡಂ ಪಟ್ಟಿ ಬೇರೆ ಫೈಲಿನಲ್ಲಿದೆ. ಈಗ ನಾನು ಸಮಿತಿಯಲ್ಲಿಲ್ಲ, ಎದುರು ಮನೆಯ ಹುಡುಗಿ ಇದ್ದಾಳೆ. ಮೊನ್ನೆ ಅವಳು ಫೈಲು ಕೇಳಿಕೊಂಡು ಬಂದಿದ್ದಳು. ಕೊಟ್ಟೆ. ಜೊತೆಗೆ ಅವರ ಮನೆ ಕಂದಾಯದ ರಸೀದಿಯನ್ನೂ ಹುಡುಕಿ ಇಟ್ಟುಕೋ ಅಂದೆ.