ಪೋರ್ಟ್ ಫಾರ್ವರ್ಡ್ ಮಾಡೋಕೆ ಮುಂಚೆ ವ್ಯಾನ್ ಐಪಿ ನೋಡಿ

ಫೈಬರ್ ಕನೆಕ್ಷನ್ ಹಾಕೋದು, ಕಂಪ್ಲೇಂಟ್ ಬಂದರೆ ಮನೆಗೆ ಹೋಗಿ ನೋಡೋದು ನಮ್ಮ ಕೆಲಸ. ಗೇಮ್ ಆಡುವವರ ಮನೆಯಿಂದ ಬರುವ ಕಂಪ್ಲೇಂಟ್ ಹೆಚ್ಚುಕಮ್ಮಿ ಎರಡೇ ಥರ. "ಸರ್, ನಾನು ಸರ್ವರ್ ಮಾಡಿದೀನಿ, ಫ್ರೆಂಡ್ಸ್‌ಗೆ ಜಾಯಿನ್ ಆಗಕ್ಕಾಗ್ತಿಲ್ಲ" ಅನ್ನೋದು ಒಂದು. "ಸ್ಪೀಡ್ ಟೆಸ್ಟಲ್ಲಿ 100 ತೋರಿಸುತ್ತೆ, ಆದ್ರೂ ಸಂಜೆ ಆದ್ರೆ ಲ್ಯಾಗ್" ಅನ್ನೋದು ಇನ್ನೊಂದು. ದೊಡ್ಡ ಪ್ಲಾನ್ ಹಾಕಿಸಿದರೆ ಎರಡೂ ಸರಿಹೋಗುತ್ತೆ ಅಂದುಕೊಂಡಿರುತ್ತಾರೆ. ಹೋಗಲ್ಲ. ಮೊದಲನೆಯದು ವಿಳಾಸದ ತೊಂದರೆ, ಎರಡನೆಯದು ಕ್ಯೂನಲ್ಲಿ ಕಾಯುವ ತೊಂದರೆ. ಸ್ಪೀಡಿಗೂ ಇವೆರಡಕ್ಕೂ ಸಂಬಂಧ ಕಡಿಮೆ.

ಬಿಜಿಎಂಐ, ವ್ಯಾಲೊರಂಟ್ ಥರದ ಆಟಗಳಲ್ಲಿ ಸರ್ವರ್ ಕಂಪನಿಯದು. ನಿಮ್ಮ ಮೊಬೈಲೋ ಪಿಸಿಯೋ ಒಳಗಿಂದ ಹೊರಗೆ ಹೋಗಿ ಅದನ್ನು ತಲುಪುತ್ತದೆ. ಅದಕ್ಕೆ ರೂಟರ್‌ನಲ್ಲಿ ಯಾವ ಪೋರ್ಟನ್ನೂ, ಅಂದರೆ ಹೊರಗಿಂದ ಒಳಗೆ ಬರುವ ನಂಬರ್ ಹಾಕಿದ ಬಾಗಿಲನ್ನೂ, ತೆರೆಯಬೇಕಿಲ್ಲ. ಯೂಟ್ಯೂಬ್ ನೋಡಿ ಹತ್ತಾರು ಪೋರ್ಟ್ ತೆರೆದಿಟ್ಟವರ ರೂಟರ್‌ನಲ್ಲಿ ನಾವು ಮೊದಲು ಮಾಡುವ ಕೆಲಸ ಅವನ್ನೆಲ್ಲ ಅಳಿಸೋದು. ಸರ್ವರ್ ನಿಮ್ಮ ಮನೆಯ ಪಿಸಿಯಲ್ಲೇ ಓಡುವಾಗ ಮಾತ್ರ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಆ ಬಾಗಿಲಿಗೆ ಬಂದದ್ದನ್ನು ಪಿಸಿಗೆ ತಲುಪಿಸು ಅಂತ ರೂಟರ್‌ಗೆ ಹೇಳಿಡುವ ರಗಳೆ: ಮೈನ್‌ಕ್ರಾಫ್ಟ್, ಟೆರೇರಿಯಾ, ವ್ಯಾಲ್‌ಹೈಮ್ ಇತ್ಯಾದಿ. ಇಲ್ಲಿ ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಹೆಚ್ಚು ಕಂಪ್ಲೇಂಟ್ ಬರೋದು ಅದರಿಂದಲೇ.

ರೂಟರ್ ಪೇಜ್ ತೆರೆಯಿರಿ. ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಇಲ್ಲವಾದರೆ ರೂಟರ್ ತಳದ ಸ್ಟಿಕರ್ ನೋಡಿ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಇರುತ್ತದೆ, ಅದು ರೂಟರ್‌ಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ, ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ನೆಟ್‌ನಿಂದ ಗೂಗಲ್‌ನಲ್ಲಿ 'ವಾಟ್ ಈಸ್ ಮೈ ಐಪಿ' ಅಂತ ಹುಡುಕಿ ಬರುವ ಐಪಿ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡಿಂಗ್ ನಡೆಯುತ್ತದೆ, ಮುಂದಕ್ಕೆ ಹೋಗಬಹುದು. ಬೇರೆ ಬೇರೆ ಆಗಿದ್ದರೆ ಅಲ್ಲೇ ನಿಲ್ಲಿ. ಈ ಒಂದು ಹೋಲಿಕೆ ಮಾಡದೆ ಫಾರ್ವರ್ಡಿಂಗ್ ಪುಟದಲ್ಲಿ ರಾತ್ರಿಯೆಲ್ಲ ಕೂತವರೇ ಹೆಚ್ಚು.

ವ್ಯಾನ್ ಐಪಿ 192.168 ಎಂದು ಶುರುವಾಗಿದ್ದರೆ ನಿಮ್ಮ ಮನೆಯಲ್ಲೇ ಎರಡು ರೂಟರ್ ಕೆಲಸ ಮಾಡುತ್ತಿವೆ ಅಂತ ಅರ್ಥ. ಕಂಪನಿ ಕೊಟ್ಟ ಫೈಬರ್ ಬಾಕ್ಸ್, ಅಂದರೆ ಒಎನ್‌ಟಿ, ತಾನೇ ರೂಟರ್ ಆಗಿದೆ. ಅದರ ಹಿಂದೆ ನೀವು ದುಡ್ಡು ಕೊಟ್ಟು ತಂದ ಗೇಮಿಂಗ್ ರೂಟರ್ ಕೂತಿದೆ. ಹೊರಗಿಂದ ಬಂದ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಮೊದಲ ಬಾಕ್ಸಿನಲ್ಲೇ ಬಿದ್ದುಹೋಗುತ್ತದೆ. ಸುಲಭದ ದಾರಿ ಎಂದರೆ ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಬರೀ ವೈಫೈ ಕೊಡುವ ಹಾಗೆ) ಹಾಕಿ, ಒಎನ್‌ಟಿಯಲ್ಲೇ ಫಾರ್ವರ್ಡ್ ಮಾಡೋದು. ನಿಮ್ಮ ರೂಟರ್‌ನ ಸೌಲಭ್ಯಗಳೇ ಬೇಕೆಂದರೆ ಒಎನ್‌ಟಿಯನ್ನು ಬ್ರಿಡ್ಜ್ ಮೋಡಿಗೆ, ಅಂದರೆ ತಾನು ರೂಟರ್ ಆಗದೆ ನೆಟ್ಟನ್ನು ನಿಮ್ಮ ರೂಟರ್‌ಗೆ ದಾಟಿಸುವ ಹಾಗೆ, ಹಾಕಬೇಕು. ಹಾಗೆ ಮಾಡೋಕೆ ಮುಂಚೆ ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ಒಂದೇ ಫೈಬರ್‌ನಲ್ಲಿ ಬರುವ ಸೇವೆಗಳನ್ನು ಬೇರ್ಪಡಿಸುವ ವಿಲ್ಯಾನ್ ನಂಬರ್, ಮೂರನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ವಿಲ್ಯಾನ್ ನಂಬರ್ ಇಲ್ಲದೆ ಬ್ರಿಡ್ಜ್ ಮಾಡಿದರೆ ಲೈಟೆಲ್ಲ ಹಸಿರಾಗೇ ಇರುತ್ತದೆ, ನೆಟ್ ಮಾತ್ರ ಬರಲ್ಲ. ಲ್ಯಾಂಡ್‌ಲೈನ್ ಫೋನಿಗೆ ಬೇರೆ ಎಂಟ್ರಿ ಇದ್ದರೆ ಅದನ್ನು ಮುಟ್ಟಬೇಡಿ.

ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ದರೆ ಅದು ಸಿಜಿನ್ಯಾಟ್. ಈ ಶ್ರೇಣಿಯನ್ನು 2012ರಲ್ಲಿ ಇದಕ್ಕೆಂದೇ ತೆಗೆದಿಟ್ಟರು. ಕೆಲವು ಕಡೆ 10ರಿಂದ ಶುರುವಾಗುವ ಐಪಿಯನ್ನೂ ಕೊಡುತ್ತಾರೆ, ಕಥೆ ಅದೇ. ಒಂದು ಪಬ್ಲಿಕ್ ಐಪಿಯನ್ನು, ಅಂದರೆ ಹೊರಗಿನವರಿಗೆ ಕಾಣುವ ವಿಳಾಸವನ್ನು, ಕಂಪನಿ ಎಷ್ಟೋ ಮನೆಗಳಿಗೆ ಹಂಚಿರುತ್ತದೆ. ನಿಮ್ಮ ಗೆಳೆಯ ಆ ಐಪಿಗೆ ಬಂದು ಮೈನ್‌ಕ್ರಾಫ್ಟ್‌ನ ಪೋರ್ಟ್ 25565 ತಟ್ಟಿದರೆ, ಯಾವ ಮನೆಗೆ ಕಳಿಸಬೇಕೆಂದು ಕಂಪನಿಯ ಉಪಕರಣಕ್ಕೆ ಗೊತ್ತಿರಲ್ಲ. ಬಿಸಾಡುತ್ತದೆ. ಮನೆಯ ರೂಟರ್‌ನಲ್ಲಿ ಏನು ಒತ್ತಿದರೂ ಪ್ರಯೋಜನವಿಲ್ಲ, ಬದಲಾಗುವ ಐಪಿಗೆ ಕಾಯಂ ಹೆಸರು ಕೊಡುವ ಡೈನಮಿಕ್ ಡಿಎನ್ಎಸ್ ಹಾಕಿದರೂ ಅಷ್ಟೇ.

ಆಗ ಉಳಿಯೋದು ಮೂರು ದಾರಿ. ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮ್ಮೊಬ್ಬರದೇ ಕಾಯಂ ಪಬ್ಲಿಕ್ ಐಪಿ, ತಗೊಳ್ಳಿ. ಇಲ್ಲವೇ ಐಪಿವಿ6 ಬಳಸಿ: ನಿಮ್ಮ ಪಿಸಿಗೆ 2ರಿಂದ ಶುರುವಾಗುವ ಉದ್ದನೆಯ ವಿಳಾಸ ಬಂದಿದ್ದು, ಗೆಳೆಯರಿಗೂ ಐಪಿವಿ6 ಇದ್ದರೆ ಸಾಕು, ರೂಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ ಆ ಒಂದು ಪೋರ್ಟಿಗೆ ಅನುಮತಿ ಕೊಟ್ಟರೆ ಆಯಿತು. ನಾಲ್ಕೈದು ಜನ ಗೆಳೆಯರಷ್ಟೇ ಆದರೆ ನಾವು ಹೇಳೋದು ಮೂರನೆಯದು: ಎಲ್ಲರೂ ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್ ಹಾಕಿಕೊಳ್ಳಿ, ದೂರದ ಪಿಸಿಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಸಾಫ್ಟ್‌ವೇರ್ ಅವು. ಖರ್ಚಿಲ್ಲ, ಪೋರ್ಟ್ ತೆರೆಯೋದೂ ಬೇಡ. ಟೇಲ್‌ಸ್ಕೇಲ್‌ನಲ್ಲಿ ಆಟದ ಲ್ಯಾನ್ (ಒಂದೇ ಮನೆಯ ನೆಟ್‌ವರ್ಕ್) ಪಟ್ಟಿಗೆ ಸರ್ವರ್ ತಾನಾಗಿ ಬರಲ್ಲ, ವಿಳಾಸ ಟೈಪ್ ಮಾಡಬೇಕು. ಅದು ಕೊಡುವ ವಿಳಾಸವೂ ಇದೇ 100.64 ಶ್ರೇಣಿಯದು, ಸಿಜಿನ್ಯಾಟ್ ಅಂತ ಗಾಬರಿಯಾಗಬೇಡಿ.

ಪಬ್ಲಿಕ್ ಐಪಿ ಇದೆ ಅಂತ ಖಾತ್ರಿಯಾದ ಮೇಲೆ ಫಾರ್ವರ್ಡಿಂಗ್. ಮೊದಲು ರೂಟರ್‌ನ ಡಿಎಚ್‌ಸಿಪಿ (ಮನೆಯೊಳಗೆ ಐಪಿ ಹಂಚುವ ವ್ಯವಸ್ಥೆ) ರಿಸರ್ವೇಶನ್‌ನಲ್ಲಿ ಸರ್ವರ್ ಪಿಸಿಯ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರ್ ಗುರುತಿನ ನಂಬರ್) ಹಾಕಿ ಒಂದು ಐಪಿ ಕಾಯಂ ಮಾಡಿ, 192.168.1.50 ಅಂತಿಟ್ಟುಕೊಳ್ಳಿ. ಇದನ್ನು ಬಿಟ್ಟರೆ ಇವತ್ತು ಕೆಲಸ ಮಾಡಿದ್ದು ನಾಳೆ ಕರೆಂಟ್ ಹೋಗಿ ಬಂದಮೇಲೆ ಮಾಡಲ್ಲ: ಆ ಐಪಿ ಅಷ್ಟೊತ್ತಿಗೆ ಟಿವಿಗೆ ಹೋಗಿರಬಹುದು. ಪಿಸಿ ವೈಫೈನಲ್ಲಿದ್ದರೆ ವಿಂಡೋಸ್‌ನಲ್ಲಿ ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಆಫ್ ಮಾಡಿ, ಇಲ್ಲದಿದ್ದರೆ ಮ್ಯಾಕ್ಕೇ ಬದಲಾಗುತ್ತದೆ.

ಫಾರ್ವರ್ಡಿಂಗ್ ಪುಟದಲ್ಲಿ ತುಂಬಬೇಕಾದ್ದು ನಾಲ್ಕೇ ಖಾನೆ. ಎಕ್ಸ್‌ಟರ್ನಲ್ ಪೋರ್ಟ್ 25565, ಇಂಟರ್ನಲ್ ಪೋರ್ಟ್ 25565, ಇಂಟರ್ನಲ್ ಐಪಿ 192.168.1.50, ಪ್ರೋಟೋಕಾಲ್ ಟಿಸಿಪಿ (ಡೇಟಾ ಕಳಿಸುವ ಒಂದು ವಿಧಾನ, ಯುಡಿಪಿ ಇನ್ನೊಂದು). ಮೈನ್‌ಕ್ರಾಫ್ಟ್ ಬೆಡ್‌ರಾಕ್ ಆದರೆ 19132, ಅದು ಯುಡಿಪಿ. ವ್ಯಾಲ್‌ಹೈಮ್‌ಗೆ 2456 ಮತ್ತು 2457, ಅದೂ ಯುಡಿಪಿ. ಟೆರೇರಿಯಾಗೆ 7777, ಟಿಸಿಪಿ. ಕೆಲವು ಒಎನ್‌ಟಿಗಳಲ್ಲಿ ವ್ಯಾನ್ ಇಂಟರ್‌ಫೇಸ್ ಅಂತ ಐದನೇ ಖಾನೆ ಇರುತ್ತದೆ. ಅಲ್ಲಿ ಇಂಟರ್ನೆಟ್ ಅಂತ ಬರೆದಿರುವುದನ್ನೇ ಆರಿಸಬೇಕು, ರಿಮೋಟ್ ಮ್ಯಾನೇಜ್‌ಮೆಂಟಿನದ್ದನ್ನು ಆರಿಸಿದರೆ ಸೇವ್ ಆಗುತ್ತದೆ, ಕೆಲಸ ಮಾಡಲ್ಲ. ಡಿಎಂಝಡ್‌ಗೆ ಪಿಸಿಯನ್ನು ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಬೇಡ, ಅದರಿಂದ ಪಿಸಿಯ ಎಲ್ಲ ಪೋರ್ಟೂ ಊರಿಗೆಲ್ಲ ತೆರೆದ ಹಾಗೆ. 25565ನ್ನು ಹುಡುಕಿಕೊಂಡು ಓಡಾಡುವ ಸ್ಕ್ಯಾನರ್‌ಗಳು ಹೇಗೂ ಇರುತ್ತವೆ, ಸರ್ವರ್‌ನ ವೈಟ್‌ಲಿಸ್ಟ್ (ಒಳಗೆ ಬಿಡುವವರ ಹೆಸರಿನ ಪಟ್ಟಿ) ಆನ್ ಮಾಡಿಯೇ ಗೆಳೆಯರನ್ನು ಕರೆಯಿರಿ.

ಇನ್ನೊಂದು ಎಡವಟ್ಟು: ಆಟದ ಒಳಗಿನ 'ಓಪನ್ ಟು ಲ್ಯಾನ್' ಬಟನ್ ತಾನಾಗಿ ಪ್ರತಿ ಸಲ ಬೇರೆ ಪೋರ್ಟ್ ಹಿಡಿಯುತ್ತದೆ. 25565 ಫಾರ್ವರ್ಡ್ ಮಾಡಿ ಅದನ್ನು ಒತ್ತಿದರೆ ಯಾರೂ ಒಳಗೆ ಬರಲ್ಲ. ಹೊಸ ಆವೃತ್ತಿಗಳಲ್ಲಿ ಪೋರ್ಟ್ ನಂಬರ್ ನಾವೇ ಬರೆಯಬಹುದು, ಇಲ್ಲವೇ ಡೆಡಿಕೇಟೆಡ್ ಸರ್ವರ್ ಫೈಲ್ ಓಡಿಸಿ.

ಟೆಸ್ಟ್ ಮಾಡುವಾಗ ಮನೆಯ ವೈಫೈನಿಂದ ಪಬ್ಲಿಕ್ ಐಪಿ ಹೊಡೆದು ನೋಡಬೇಡಿ. ಒಳಗಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರೋದನ್ನು ಬಹಳ ರೂಟರ್‌ಗಳು ಬಿಡಲ್ಲ. ಮೊಬೈಲ್ ಡೇಟಾದ ಹಾಟ್‌ಸ್ಪಾಟಿಗೆ ಇನ್ನೊಂದು ಲ್ಯಾಪ್‌ಟಾಪ್ ಸೇರಿಸಿ ನೋಡಿ, ಅಥವಾ ಗೆಳೆಯನಿಗೇ ಹೇಳಿ. ಅವನ ಪರದೆಯಲ್ಲಿ ಬರುವ ಮಾತನ್ನು ಅಕ್ಷರಶಃ ಕೇಳಿಸಿಕೊಳ್ಳಿ. 'ಕನೆಕ್ಷನ್ ರಿಫ್ಯೂಸ್ಡ್' ಅಂದರೆ ಸಾಮಾನ್ಯವಾಗಿ ಪ್ಯಾಕೆಟ್ ಪಿಸಿವರೆಗೆ ಬಂದಿದೆ, ಸರ್ವರ್ ಓಡುತ್ತಿಲ್ಲ ಅಥವಾ ಪೋರ್ಟ್ ನಂಬರ್ ಬೇರೆ ಇದೆ. 'ಟೈಮ್ಡ್ ಔಟ್' ಅಂದರೆ ದಾರಿಯಲ್ಲೇ ಎಲ್ಲೋ ನಿಂತಿದೆ: ರೂಟರ್ ಅಥವಾ ವಿಂಡೋಸ್ ಫೈರ್‌ವಾಲ್. ಫೈರ್‌ವಾಲ್ ಪಟ್ಟಿಯಲ್ಲಿ ಜಾವಾ ಅಥವಾ ಓಪನ್‌ಜೆಡಿಕೆ ಹೆಸರಿನ ಮುಂದೆ, ಪಿಸಿಯ ನೆಟ್‌ವರ್ಕ್ ಪ್ರೈವೇಟ್ ಆಗಿದ್ದರೆ ಪ್ರೈವೇಟ್ ಕಾಲಂನಲ್ಲಿ, ಪಬ್ಲಿಕ್ ಆಗಿದ್ದರೆ ಪಬ್ಲಿಕ್ ಕಾಲಂನಲ್ಲಿ ಟಿಕ್ ಇರಬೇಕು. ವೆಬ್‌ಸೈಟುಗಳ ಪೋರ್ಟ್ ಚೆಕ್ಕರ್‌ಗಳು ಹೆಚ್ಚಾಗಿ ಟಿಸಿಪಿ ಮಾತ್ರ ನೋಡುತ್ತವೆ, ಅದೂ ಸರ್ವರ್ ಓಡುತ್ತಿರುವಾಗ ಮಾತ್ರ ಓಪನ್ ಅನ್ನುತ್ತವೆ. ಯುಡಿಪಿ ಆಟಕ್ಕೆ ಅವನ್ನು ನಂಬಬೇಡಿ.

ಪ್ಲೇಸ್ಟೇಷನ್‌ನಲ್ಲಿ ನ್ಯಾಟ್ ಟೈಪ್ 3, ಎಕ್ಸ್‌ಬಾಕ್ಸ್‌ನಲ್ಲಿ ಸ್ಟ್ರಿಕ್ಟ್ ಅಂತ ಬಂದರೂ, ಅಂದರೆ ಬೇರೆ ಆಟಗಾರರ ಜೊತೆ ಸೇರೋಕೆ ಅಡ್ಡಿ ಇದ್ದರೂ, ಮೊದಲು ನೋಡಬೇಕಾದ್ದು ಅದೇ ವ್ಯಾನ್ ಐಪಿ. ಅದು ಸರಿಯಿದ್ದರೆ ರೂಟರ್‌ನಲ್ಲಿ ಯುಪಿಎನ್‌ಪಿ (ಬೇಕಾದ ಪೋರ್ಟನ್ನು ಕನ್ಸೋಲ್ ತಾನೇ ತೆರೆಸಿಕೊಳ್ಳುವ ಸೌಲಭ್ಯ) ಆನ್ ಮಾಡಿ ಕನ್ಸೋಲ್ ರೀಸ್ಟಾರ್ಟ್ ಮಾಡಿದರೆ ಬಹುತೇಕ ಮುಗಿಯಿತು.

ಈಗ ಲ್ಯಾಗ್. ಪಿಸಿಯನ್ನು ಕೇಬಲ್‌ನಲ್ಲಿ ಹಾಕಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಗೂಗಲ್‌ನ 8.8.8.8ಕ್ಕೆ ನಿಲ್ಲದೆ ಪಿಂಗ್ ಬಿಡಿ, ಪ್ಯಾಕೆಟ್ ಹೋಗಿಬರಲು ಹಿಡಿದ ಸಮಯವನ್ನು ಅದು ತೋರಿಸುತ್ತದೆ. ಸುಮ್ಮನಿದ್ದಾಗ 20, 30 ಮಿಲಿಸೆಕೆಂಡ್ ಇದೆ ಅಂದುಕೊಳ್ಳಿ. ಈಗ ಮೊಬೈಲಿನಿಂದ ಒಂದು ದೊಡ್ಡ ವಿಡಿಯೋವನ್ನು ಗೂಗಲ್ ಡ್ರೈವ್‌ಗೆ ಅಪ್‌ಲೋಡ್ ಹಾಕಿ ಅದೇ ಕಿಟಕಿ ನೋಡುತ್ತಿರಿ. 30 ಇದ್ದದ್ದು 200, 300 ದಾಟಿದರೆ ನಿಮ್ಮ ಲ್ಯಾಗ್ ಸಿಕ್ಕಿಬಿತ್ತು. ಆಟಕ್ಕೆ ಬೇಕಾದ್ದು ಸಣ್ಣ ಸಣ್ಣ ಪ್ಯಾಕೆಟ್. ಅವು ವಿಡಿಯೋದ ಪ್ಯಾಕೆಟ್‌ಗಳ ಹಿಂದೆ, ಬಿಲ್ ಕಟ್ಟೋ ಕೌಂಟರಿನಲ್ಲಿ ಒಂದೇ ಚೀಟಿ ಹಿಡಿದು ನಿಂತವರ ಹಾಗೆ ಕಾಯುತ್ತಿರುತ್ತವೆ. ಸಂಜೆ ಮನೆಯವರ ಫೋನೆಲ್ಲ ವೈಫೈಗೆ ಬಂದು ಫೋಟೋ ಬ್ಯಾಕಪ್ ಶುರುವಾಗುತ್ತದೆ. ಕ್ಲೌಡ್ ಸಿಸಿಟಿವಿ ಕ್ಯಾಮೆರಾ ಇದ್ದರಂತೂ ಅಪ್‌ಲೋಡ್ ನಿಲ್ಲೋದೇ ಇಲ್ಲ.

ಇದಕ್ಕೆ ಮದ್ದು ರೂಟರ್‌ನ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ, ಅಂದರೆ ಈ ಕ್ಯೂವನ್ನು ನಿಭಾಯಿಸುವ ಸೆಟ್ಟಿಂಗ್. ಅದರಲ್ಲಿ ಅಪ್‌ಲೋಡ್ ಮಿತಿಯನ್ನು, ಪ್ಲಾನಿನಲ್ಲಿ ಬರೆದದ್ದರದ್ದಲ್ಲ, ಅಳೆದು ಸಿಕ್ಕಿದ ಸ್ಪೀಡಿನ 85ರಿಂದ 90 ಶೇಕಡಾ ಇಡಿ. 50 ಬಂದರೆ 43, 45 ಹಾಕಿ. ಕ್ಯೂ ಆಗ ಕಂಪನಿಯ ಬಾಕ್ಸಿನಲ್ಲಿ ಕಟ್ಟದೆ ನಿಮ್ಮ ರೂಟರ್‌ನಲ್ಲೇ ಕಟ್ಟುತ್ತದೆ, ಅದು ಸಣ್ಣ ಪ್ಯಾಕೆಟನ್ನು ಮುಂದಕ್ಕೆ ಬಿಡುತ್ತದೆ. ಡೌನ್‌ಲೋಡಿಗೂ ಹಾಕಬಹುದು, ಆದರೆ ಅಗ್ಗದ ರೂಟರ್‌ನ ಪ್ರೊಸೆಸರ್ 300 ಎಂಬಿಪಿಎಸ್‌ನಲ್ಲಿ ಏದುಸಿರು ಬಿಡುತ್ತದೆ. ಅಂಥದ್ದರಲ್ಲಿ ಅಪ್‌ಲೋಡಿಗೆ ಮಾತ್ರ ಸಾಕು.

ಸುಮ್ಮನಿದ್ದಾಗಲೂ ಪಿಂಗ್ ಕುಣಿಯುತ್ತಿದ್ದರೆ, ಅದೂ ವೈಫೈನಲ್ಲಿ ಮಾತ್ರ ಆದರೆ, ಕೇಬಲ್ ಎಳೆಯಿರಿ. ಎಳೆಯಲಾಗದಿದ್ದರೆ 5 ಗಿಗಾಹರ್ಟ್ಸ್‌ಗೆ ಬನ್ನಿ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11ರಲ್ಲಿ ಖಾಲಿ ಇರೋದನ್ನು ಕಾಯಂ ಮಾಡಿ. ಕೇಬಲ್ ಹಾಕಿಯೂ ಲಿಂಕ್ 1000ಕ್ಕೆ ಬದಲು 100 ತೋರಿಸಿದರೆ ಎಂಟು ತಂತಿಯಲ್ಲಿ ಯಾವುದೋ ಒಂದು ಕನೆಕ್ಟರ್‌ನಲ್ಲಿ ಕೂತಿಲ್ಲ. ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು, ಎರಡೂ ತುದಿಗೆ ಇದೇ ಕ್ರಮದಲ್ಲಿ ಹೊಸದಾಗಿ ಕ್ರಿಂಪ್ ಮಾಡಿ. ಕೇಬಲ್‌ನಲ್ಲೂ ಪ್ಯಾಕೆಟ್ ಕಳೆದುಹೋಗುತ್ತಿದ್ದರೆ ಒಎನ್‌ಟಿಯಲ್ಲಿ ಆಪ್ಟಿಕಲ್ ಪವರ್ ನೋಡಿ. ಮೈನಸ್ 27 ಡಿಬಿಎಂ ಹತ್ತಿರ ಇದ್ದರೆ ಫೈಬರ್ ಎಲ್ಲೋ ಬಾಗಿದೆ ಅಥವಾ ಕನೆಕ್ಟರ್ ಕೊಳೆಯಾಗಿದೆ. ಅದು ನಮ್ಮಂಥವರ ಕೆಲಸ, ಕಂಪ್ಲೇಂಟ್ ಹಾಕಿ.

ಅಮೆರಿಕದಲ್ಲಿರುವ ಗೆಳೆಯನಿಗೆ ಬೆಂಗಳೂರಿನ ಸರ್ವರ್‌ನಲ್ಲಿ 200ಕ್ಕೂ ಮೇಲೆ ಪಿಂಗ್ ಬರುತ್ತದೆ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಪ್ರತಿ 1000 ಕಿಲೋಮೀಟರಿಗೆ ಹೋಗಿಬರೋಕೆ 10 ಮಿಲಿಸೆಕೆಂಡ್ ಬೇಕೇ ಬೇಕು.

ಕೊನೆಗೆ ಕರೆಂಟ್. ಒಎನ್‌ಟಿ, ರೂಟರ್ ಎರಡನ್ನೂ ಮಿನಿ ಯುಪಿಎಸ್‌ಗೆ ಹಾಕಿ. ವೋಲ್ಟೇಜ್ ಅಡಾಪ್ಟರ್ ಮೇಲೆ ಬರೆದಷ್ಟೇ ಇರಬೇಕು, ಹೆಚ್ಚಾಗಿ 12 ವೋಲ್ಟ್. ಯುಪಿಎಸ್ ಕೊಡುವ ಆಂಪಿಯರ್ ಎರಡೂ ಅಡಾಪ್ಟರಿನ ಒಟ್ಟು ಮೊತ್ತಕ್ಕಿಂತ ಕಡಿಮೆ ಇರಬಾರದು. ರೂಟರ್ ರೀಸ್ಟಾರ್ಟ್ ಆದರೆ ಪಬ್ಲಿಕ್ ಐಪಿ ಬದಲಾಗಬಹುದು, ಹಾಗಾಗಿ ಡಕ್‌ಡಿಎನ್ಎಸ್ ಥರದ್ದೊಂದು ಹೆಸರು ಮಾಡಿ ಗೆಳೆಯರಿಗೆ ಅದನ್ನೇ ಕೊಡಿ. ಕಂಪನಿ ದೂರದಿಂದ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸಿದಾಗ ಒಎನ್‌ಟಿಯ ಫಾರ್ವರ್ಡಿಂಗ್ ಪಟ್ಟಿ ಅಳಿಸಿಹೋಗೋದೂ ಉಂಟು. ಆ ಪುಟದ ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ.