ಹಳ್ಳಿ ಮನೆಗೆ ಡಿಸೈನ್ ಯಾಕೆ ಅಂತ ಕೇಳುವವರಿಗೆ

“ಐದು ವರ್ಷ ಆರ್ಕಿಟೆಕ್ಚರ್ ಓದಿ ಕಡೀಕ ಹಳ್ಳಿ ಮನಿ ಡಿಸೈನ್ ಮಾಡ್ತೀಯಾ? ಪಾಪ, ಆ ಜನಕ್ಕ ಡಿಸೈನ್ ಯಾಕವಾ? ತಲಿ ಮ್ಯಾಲೊಂದು ಸೂರಿದ್ರ ಸಾಕಲ್ಲ?”

ಕೊನೆಯ ವರ್ಷದ ಥೀಸಿಸ್‌ಗೆ ಏನು ತಗೊಂಡಿದ್ದೀಯ ಎಂದು ಯಾರೇ ವಿಚಾರಿಸಿದರೂ, ನನ್ನ ಮಾತು ಮುಗಿಯುವುದರೊಳಗೆ ಈ ಪ್ರಶ್ನೆ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಬಂದಿದೆ, ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಬಂದಿದೆ, ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದವರೂ ಕೇಳಿದ್ದಾರೆ. ನಗುತ್ತ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈಗ ಬರೆದಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆ ‘ಸೂರು’ ಅನ್ನುವ ಮಾತಿನಿಂದಲೇ ಶುರು ಮಾಡೋಣ, ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಅದಕ್ಕೇ. ಸೂರು ಅಂದರೆ ಮನೆಯಲ್ಲ. ಗೋಡೆ ದಾಟಿ ಹೊರಗೆ ಚಾಚಿಕೊಂಡ ಮಾಡಿನ ಅಂಚು. ಮಳೆ ಗೋಡೆಗೆ ಬಡಿಯದಂತೆ ತಡೆಯುವುದು ಅದು. ದಾರಿಯಲ್ಲಿ ಹೋಗುವವರು ಮಳೆ ಬಂದರೆ ಓಡಿ ಬಂದು ನಿಲ್ಲುವುದು ಅದರ ಕೆಳಗೆ. ಮಧ್ಯಾಹ್ನ ಮುದುಕರು ಕೂತು ಎಲೆ ಅಡಿಕೆ ಹಾಕುವುದೂ ಅಲ್ಲೇ. ನಮ್ಮ ದೊಡ್ಡವ್ವನಿಗೆ ಸಿಕ್ಕ ಮನೆಗೆ ಸೂರೇ ಇಲ್ಲ. ಸ್ಲ್ಯಾಬು ಗೋಡೆಯ ಮುಖಕ್ಕೆ ಸರಿಯಾಗಿ ನಿಂತುಬಿಟ್ಟಿದೆ. ಮಳೆ ನೀರು ಗೋಡೆಗುಂಟ ಇಳಿದು ಕಿಟಕಿಯ ಸಂದಿಯಿಂದ ಒಳಗೆ ಬರುತ್ತದೆ.

ಆ ಮನೆಯ ಕತೆ ಹೇಳದೆ ಉತ್ತರ ಹೇಳಲು ನನಗೆ ಬರುವುದಿಲ್ಲ.

ದೊಡ್ಡವ್ವನ ಊರು ಮಲಪ್ರಭಾ ದಂಡೆಯಲ್ಲಿದೆ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಉತ್ತರ ಕರ್ನಾಟಕದ ಊರೂರುಗಳು ನೀರಲ್ಲಿ ನಿಂತವು. ನನಗಾಗ ಆರು ವರ್ಷ. ಮೇಲ್ಮುದ್ದೆ ಮನೆಗಳು, ಅಂದರೆ ಮಣ್ಣಿನ ಮಾಳಿಗೆಯವು, ನೆನೆದು ನೆನೆದು ಭಾರವಾಗಿ ತೊಲೆ ಸಮೇತ ಕುಸಿದವು. ಆಮೇಲೆ ಊರಿಂದ ಎರಡು ಕಿಲೋಮೀಟರ್ ಮೇಲೆ, ಎತ್ತರದ ಜಾಗದಲ್ಲಿ ಸಾಲಾಗಿ ಹೊಸ ಮನೆಗಳು ಎದ್ದವು. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಸ್ಲ್ಯಾಬು.

ಅಡುಗೆಮನೆಯಲ್ಲಿ ನಿಂತು ಬೇಯಿಸುವ ಎತ್ತರಕ್ಕೆ ಕಟ್ಟೆ ಹಾಕಿದ್ದರು. ದೊಡ್ಡವ್ವ ಕೂತು ರೊಟ್ಟಿ ಬಡಿಯುವವಳು. ಒಂದು ಕಾಲು ಮಡಚಿ, ಒಂದು ಚಾಚಿ, ಪರಾತ ಮುಂದಿಟ್ಟುಕೊಂಡು ಕೂತರೆ ಮೂವತ್ತು ರೊಟ್ಟಿ ಮುಗಿಸಿಯೇ ಏಳುವುದು. ಆ ಕೋಣೆಯಲ್ಲಿ ಕಾಲು ಚಾಚಲು ಜಾಗವಿಲ್ಲ, ಹೊಗೆ ಹೋಗಲು ಬೆಳಕಿಂಡಿ ಇಲ್ಲ. ಎರಡು ಎತ್ತು, ಒಂದು ಎಮ್ಮೆ ಎಲ್ಲಿ ನಿಲ್ಲಬೇಕು? ಹಳೆಯ ಮನೆಯಲ್ಲಿ ತಲೆಬಾಗಿಲು ದಾಟಿದರೆ ಒಂದು ಪಕ್ಕ ದನ ಕಟ್ಟುವ ಗ್ವಾದಲಿ, ಒಂದು ಪಕ್ಕ ಪಡಸಾಲೆ. ರಾತ್ರಿ ಎಮ್ಮೆ ಉಸಿರು ಬಿಟ್ಟಿದ್ದೂ ದೊಡ್ಡಪ್ಪನಿಗೆ ಕೇಳುತ್ತಿತ್ತು. ಹೊಸ ಜಾಗದಲ್ಲಿ ದನಗಳನ್ನು ಬಯಲಲ್ಲಿ ಕಟ್ಟಿ, ಬಾಗಿಲು ಹಾಕಿಕೊಂಡು ಅವನಿಗೆ ನಿದ್ದೆ ಬರಲಿಲ್ಲ. ಎರಡು ವರ್ಷ ನೋಡಿದರು. ಆಮೇಲೆ ಹಳೆಯ ಊರಲ್ಲಿ ಬಿದ್ದ ಗೋಡೆ ಎಬ್ಬಿಸಿ, ತಗಡು ಹೊದಿಸಿ ವಾಪಸ್ ಹೋದರು. ಹೊಸ ಮನೆಯಲ್ಲಿ ಹೊಟ್ಟು, ಕಣಕಿ ತುಂಬಿದರು.

2019ರ ಆಗಸ್ಟಿನಲ್ಲಿ ಮಲಪ್ರಭಾ ಮತ್ತೆ ಉಕ್ಕಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದ ವರ್ಷ ಅದು. ದೊಡ್ಡವ್ವನ ಮನೆಯವರು ರಾತ್ರೋರಾತ್ರಿ ದನ ಬಿಚ್ಚಿಕೊಂಡು ಮೇಲೆ ಬಂದರು. ಕಣಕಿ ಹೊರಗೆ ಎಸೆದು ಹೊಸ ಮನೆಯ ನೆಲದ ಮೇಲೆ ಮಲಗಿದರು. ಮರುದಿನ ಪರಿಹಾರ ಕೇಂದ್ರದಲ್ಲಿ ಅನ್ನ ಬಡಿಸುತ್ತಿದ್ದವರೊಬ್ಬರು ಪಕ್ಕದವರಿಗೆ ಹೇಳಿದರು: “ಮನಿ ಕಟ್ಟಿಸಿ ಕೊಟ್ರೂ ಹ್ವಾದವ್ರಲ್ಲ, ಮೊಂಡ ಜನ.” ದೊಡ್ಡವ್ವ ತಟ್ಟೆ ಹಿಡಿದು ಅವರ ಎದುರಿಗೇ ನಿಂತಿದ್ದಳು. ತಲೆ ಬಗ್ಗಿಸಿ ತಟ್ಟೆ ಮುಂದೆ ಮಾಡಿದಳು, ಅಷ್ಟೇ. ನಾನು ಅವಳ ಹಿಂದಿದ್ದೆ. ನನಗೆ ಹದಿನಾರು. ಬಾಯಿಗೆ ಮಾತು ಬರಲಿಲ್ಲ, ಯಾಕೆಂದರೆ ಅವರು ಮೊಂಡರಲ್ಲ ಅಂತ ಗೊತ್ತಿತ್ತೇ ಹೊರತು ಅದನ್ನು ಹೇಗೆ ಹೇಳಬೇಕು ಅಂತ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಜೀವ ಉಳಿಸಬೇಕಾಗಿದ್ದ ಮನೆ ವರ್ಷಗಟ್ಟಲೆ ಮೇವಿನ ಕೋಣೆಯಾಗಿ ಉಳಿಯಿತು. ಒಲೆಗೆ, ಗ್ವಾದಲಿಗೆ ಜಾಗ ಬಿಟ್ಟಿದ್ದರೆ ಆ ರಾತ್ರಿ ಯಾರೂ ನೀರಲ್ಲಿ ನಡೆಯಬೇಕಿರಲಿಲ್ಲ. ಹಳ್ಳಿ ಮನೆಗೆ ಡಿಸೈನ್ ಬೇಕಿರುವುದು ಇದಕ್ಕೇ.

ಇಷ್ಟು ಹೇಳಿದ ಮೇಲೆ ಎರಡನೆಯ ಬಾಣ ಬರುತ್ತದೆ: “ಹಂಗಾದ್ರ ಮತ್ತ ಮಣ್ಣಿನ ಮನೀನ ಕಟ್ಟಿಕೊಡಬೇಕಿತ್ತೇನು?” ಇಲ್ಲ. ಮಣ್ಣಿನ ಮಾಳಿಗೆ ಕುಸಿದದ್ದನ್ನು ಕಂಡವಳು ದೊಡ್ಡವ್ವ. ಸಿಮೆಂಟಿನ ಮೇಲೆ ಅವಳಿಗೆ ಎಳ್ಳಷ್ಟೂ ದೂರಿಲ್ಲ. ಸ್ಲ್ಯಾಬು ಕಂಡು ಮೊದಲ ದಿನ ಅವಳು ಖುಷಿಪಟ್ಟದ್ದು ಮೆಣಸಿನಕಾಯಿ ಒಣಹಾಕಲು ಎಂಥಾ ಜಾಗ ಎಂದು. ಆದರೆ ಮೇಲೆ ಹತ್ತಲು ಮೆಟ್ಟಿಲೇ ಇರಲಿಲ್ಲ. ಅರವತ್ತರ ಹೆಂಗಸು ನಿಚ್ಚಣಿಕೆ ಹಚ್ಚಿ, ತಲೆ ಮೇಲೆ ಚೀಲ ಹೊತ್ತು ಎಷ್ಟು ದಿನ ಹತ್ತಿಯಾಳು? ನಮ್ಮ ಕಡೆಯವರಿಗೆ ಮಣ್ಣೇ ಬೇಕು ಎಂದು ಪಟ್ಟಣದಲ್ಲಿ ಕೂತು ತೀರ್ಮಾನಿಸುವುದೂ ಒಂದೇ, ಸ್ಲ್ಯಾಬು ಕೊಟ್ಟರೆ ಸಾಕು ಎನ್ನುವುದೂ ಒಂದೇ. ಎರಡರಲ್ಲೂ ದೊಡ್ಡವ್ವನನ್ನು ಯಾರೂ ಮಾತಾಡಿಸಿಲ್ಲ.

ಒಳ್ಳೆಯ ಮನಸ್ಸಿದ್ದರೆ ಸಾಕು ಎಂದೂ ನಾನು ಹೇಳುವುದಿಲ್ಲ. ಈಜಿಪ್ಟಿನ ಆರ್ಕಿಟೆಕ್ಟ್ ಹಸನ್ ಫತೇ 1940ರ ದಶಕದಲ್ಲಿ ಲಕ್ಸರ್ ಎದುರಿನ ನದಿಯಾಚೆ ಹೊಸ ಗುರ್ನಾ ಎಂಬ ಊರು ಕಟ್ಟಲು ಹೊರಟರು. ಹಸಿ ಇಟ್ಟಿಗೆಯ ಗೋಡೆ, ಗುಮ್ಮಟ, ಅಂಗಳ, ತಂಪಾದ ಓಣಿ, ಚಿತ್ರದಲ್ಲಿ ನೋಡಿದರೂ ಕಣ್ಣು ತುಂಬುವಂಥ ಕೆಲಸ. ಆದರೆ ಹಳೆಯ ಗುರ್ನಾದವರು ಹೋಗಲು ಒಪ್ಪಲಿಲ್ಲ. ಅವರ ಮನೆಗಳಿದ್ದದ್ದು ಪುರಾತನ ಸಮಾಧಿಗಳ ಮೇಲೆ, ಹೊಟ್ಟೆಪಾಡೂ ಅದಕ್ಕೇ ಅಂಟಿಕೊಂಡಿತ್ತು. ಊರು ಅರ್ಧಕ್ಕೇ ನಿಂತಿತು. ಎರಡನೆಯ ವರ್ಷದ ತರಗತಿಯಲ್ಲಿ ಇದನ್ನು ಕೇಳಿದಾಗ ನನಗೆ ಕಂಡದ್ದು ಹೊಟ್ಟು ತುಂಬಿದ ನಮ್ಮ ದೊಡ್ಡವ್ವನ ಮನೆ.

ಸರಿಯಾಗಿ ಮಾಡಿದವರೂ ಇದ್ದಾರೆ. ಆರ್ಕಿಟೆಕ್ಟ್ ಬಿ.ವಿ. ದೋಶಿ ಇಂದೋರಿನ ‘ಅರಣ್ಯ’ ಎಂಬ ಬಡಾವಣೆಯಲ್ಲಿ ಬಡವರಿಗೆ ಇಡೀ ಮನೆ ಕಟ್ಟಿ ಕೊಡಲಿಲ್ಲ. ಸೈಟು, ಅಡಿಪಾಯ, ನೀರು, ಶೌಚಾಲಯ ಇಷ್ಟನ್ನು ಗಟ್ಟಿಯಾಗಿ ಕೊಟ್ಟು, ಉಳಿದದ್ದನ್ನು ಅವರವರ ಕೈಗೆ ಬಿಟ್ಟರು. ಹೇಗೆಲ್ಲ ಬೆಳೆಸಬಹುದು ಎಂದು ತೋರಿಸಲು 80 ಮಾದರಿ ಮನೆ ಕಟ್ಟಿದರು. ಬಾಗಿಲ ಮುಂದೆ ಕೂರುವ ಕಟ್ಟೆಗೂ ನಕ್ಷೆಯಲ್ಲೇ ಜಾಗವಿತ್ತು. 2018ರಲ್ಲಿ ಆರ್ಕಿಟೆಕ್ಚರ್‌ನ ಅತಿ ದೊಡ್ಡ ಗೌರವಗಳಲ್ಲೊಂದಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. ಚಿಲಿಯ ಇಕೀಕೆ ಊರಿನಲ್ಲಿ ಆರ್ಕಿಟೆಕ್ಟ್ ಅಲೆಹಾಂದ್ರೊ ಅರವೇನಾ ಅವರ ತಂಡ 2004ರಲ್ಲಿ ಸುಮಾರು ನೂರು ಕುಟುಂಬಗಳಿಗೆ, ಅವರು ಮೊದಲಿಂದ ಇದ್ದ ಜಾಗದಲ್ಲೇ, ಅರ್ಧರ್ಧ ಮನೆ ಕಟ್ಟಿತು. ಪಕ್ಕದಲ್ಲಿ ಖಾಲಿ ಬಿಟ್ಟ ಅರ್ಧವನ್ನು ಜನ ಕೈಯಲ್ಲಿ ದುಡ್ಡು ಓಡಾಡಿದಂತೆ ತುಂಬಿಕೊಂಡರು. ಯಾವ ಅರ್ಧ ತಾವು ಕಟ್ಟಬೇಕು, ಯಾವ ಅರ್ಧ ಬಿಡಬೇಕು ಎಂದು ಹುಡುಕಿದರಲ್ಲ, ಕಷ್ಟದ ಕೆಲಸ ಅದು.

ಯಾರಾದರೂ ಒಮ್ಮೆ ನನ್ನನ್ನು ಬೇರೆ ಪ್ರಶ್ನೆ ಕೇಳಿದ್ದರೆ ಅಂತ ಅನಿಸುತ್ತದೆ: ‘ಜನರನ್ನು ಕೇಳುವುದು ಹೇಗೆ?’ ಇದಕ್ಕಾದರೆ ನಾನು ಊಟ ಆರುವವರೆಗೂ ಉತ್ತರ ಹೇಳುತ್ತಿದ್ದೆ.

ಯಾಕೆಂದರೆ ಬಾಯಿಬಿಟ್ಟು ಕೇಳಿದರೆ ಯಾರೂ ಹೇಳುವುದಿಲ್ಲ. ಥೀಸಿಸ್ ಶುರುವಾದಾಗ 42 ಪ್ರಶ್ನೆಗಳ ಪಟ್ಟಿ ಹಿಡಿದು ದೊಡ್ಡವ್ವನ ಊರಿನ ಆ ಹೊಸ ಮನೆಗಳ ಕಾಲೊನಿಗೆ ಹೋದೆ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ ಕಾಕಾನೂ ಎದ್ದು ನಿಂತು, “ನೀವು ಹ್ಯಾಂಗ ಮಾಡಿಕೊಟ್ರೂ ನಡೀತೈತ್ರಿ” ಅಂದ. ನನಗೇ ‘ರೀ’ ಹಚ್ಚಿದ. ಕೈಯಲ್ಲಿ ಕಾಗದ ಪೆನ್ನು ಇದ್ದರೆ ನಾನು ಕೊಡುವವಳು, ಅವನು ತಗೊಳ್ಳುವವನು. ಕೊಡುವವರ ಮುಂದೆ ಕೊರತೆ ಹೇಳಬಾರದು ಎಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ನಕ್ಷೆ ತೋರಿಸಿದೆ, ದೊಡ್ಡವ್ವ ತಲೆಕೆಳಗಾಗಿ ಹಿಡಿದು “ಚಂದ ಐತಿ” ಅಂದಳು.

ಮುಂದಿನ ಸಲ ಹೋದಾಗ ಒಂದು ಚೀಲ ಸುಣ್ಣದ ಪುಡಿ ಒಯ್ದೆ. ಮನೆಗೆ ಏನೇನು ಸೇರಿಸಬಹುದೋ ಅದನ್ನೆಲ್ಲ ಅಂಗಳದಲ್ಲೇ, ನಿಜವಾದ ಅಳತೆಗೆ, ರಂಗೋಲಿ ಹಾಕಿದ ಹಾಗೆ ಬರೆದೆ. ಇದು ಒಲೆ, ಇದು ಗ್ವಾದಲಿ, ಇದು ಪಡಸಾಲೆ, ಇಲ್ಲಿ ಮೆಟ್ಟಿಲು. ದೊಡ್ಡವ್ವ ನೀರಿನ ಕೊಡ ಹೊತ್ತು ಬಂದವಳು ಗೆರೆ ತುಳಿದು ನೇರ ಒಳಗೆ ಹೊರಟಳು.

“ದೊಡ್ಡವ್ವಾ, ಅದು ಗ್ವಾಡಿ!”

“ಗ್ವಾಡಿ ಇಲ್ಲ್ಯಾಕ ಬಂತು? ನೀರ ಹೊತ್ಕೊಂಡು ನಾ ಹಿಂಗ ಬರಾಕಿ.”

ಆ ಗೋಡೆ ಅಳಿಸಿದೆವು. ಆಮೇಲೆ ಅವಳೇ ಒಲೆಯ ಗುರುತಿನ ಮುಂದೆ ಕಾಲು ಚಾಚಿ ಕೂತಳು. ಬರಿಗೈಯಲ್ಲಿ ಒಂದು ರೊಟ್ಟಿ ಬಡಿದಳು, ತಿರುಗಿಸಿದಳು, ಎಡಕ್ಕೆ ನೋಡಿದಳು. “ತಲಿಬಾಗಲಾ ಕಾಣವಲ್ದು. ಯಾರ ಬಂದ್ರು, ಯಾರ ಹ್ವಾದ್ರು ನನಗ ಹ್ಯಾಂಗ ಗೊತ್ತಾಗಬೇಕು?” ಒಂದೂವರೆ ಮೊಳ ಈಚೆಗೆ ಸರಿದು ಕೂತು, “ಇಲ್ಲಿ” ಅಂದಳು. ಟೇಪು ಹಿಡಿದೆ. 2 ಅಡಿ 3 ಇಂಚು. ನನ್ನ 42 ಪ್ರಶ್ನೆಗಳಲ್ಲಿ ಈ 2 ಅಡಿ 3 ಇಂಚು ಎಲ್ಲೂ ಇರಲಿಲ್ಲ.

ಥೀಸಿಸ್ ಪರೀಕ್ಷಿಸುವ ಜ್ಯೂರಿಯಲ್ಲಿ ಈ ಸುಣ್ಣದ ಗೆರೆಗಳ ಫೋಟೋ ನೋಡಿದವರೊಬ್ಬರು “ಇದರಲ್ಲಿ ನಿನ್ನ ಡಿಸೈನ್ ಎಲ್ಲಿದೆ?” ಎಂದರು. ಇದೆ. ತಲೆ ಮೇಲೆ ಚೀಲ ಹೊತ್ತವರು ಕೆಳಗೆ ನೋಡದೆ ಹತ್ತಬೇಕು, ಹಾಗಾಗಿ ಒಂದೊಂದು ಮೆಟ್ಟಿಲೂ ಆರೇ ಇಂಚು. ಹತ್ತು ಅಡಿಗೆ ಇಪ್ಪತ್ತು ಮೆಟ್ಟಿಲಾದ್ದರಿಂದ ಉದ್ದ ಹೆಚ್ಚಾಯಿತು, ಆ ಉದ್ದದ ಕೆಳಗೆ ಎಮ್ಮೆ ನಿಲ್ಲುವ ಜಾಗ ಸಿಕ್ಕಿತು. ಮುಂದೆ ಐದು ಅಡಿ ಮಾಡು ಇಳಿಸಿದೆ. ಅದು ಸೂರು. ಇದನ್ನೆಲ್ಲ ಜೋಡಿಸಿದವಳು ನಾನು. ಎಲ್ಲಿ ಕೂತರೆ ಬಾಗಿಲು ಕಾಣುತ್ತದೆ ಎಂದು ಹೇಳಿದವಳು ದೊಡ್ಡವ್ವ. ಎರಡರಲ್ಲಿ ಯಾವುದು ಇಲ್ಲದಿದ್ದರೂ ಮನೆಯಲ್ಲಿ ಮತ್ತೆ ಹೊಟ್ಟು ತುಂಬುತ್ತದೆ.

ಸುಣ್ಣದ ಗೆರೆ ಹಾಕಿದ ದಿನ ಸಂಜೆ ಪಕ್ಕದ ಮನೆಯ ಹೆಂಗಸರು ಗೆರೆಗಳ ನಡುವೆ ಓಡಾಡಿ, ಒಲೆಯ ಮುಂದೆ ಕೂತು ನೋಡಿದರು. “ನಮ್ಮ ಅಂಗಳದಾಗೂ ಬರಿಯವಾ ತಂಗಿ” ಅಂದರು. ಆಗ ‘ರೀ’ ಇರಲಿಲ್ಲ. ಮೂರನೆಯ ಮನೆಯ ಹೊತ್ತಿಗೆ ಸುಣ್ಣ ಮುಗಿಯಿತು. ಒಬ್ಬಳು ಒಳಗೆ ಹೋಗಿ ಮೊರದ ತುಂಬ ಒಲೆಯ ಬೂದಿ ತಂದು ನನ್ನ ಮುಂದಿಟ್ಟಳು.